ಎಡಗೈ ಕುಡುಗೋಲು

ನಾನು ಎಡಚಿ. ಕೊರವಂಗಲದ ಹತ್ತಿರದ ನಮ್ಮೂರಲ್ಲಿ ಅದು ಬೇರೆಲ್ಲ ಕೆಲಸಕ್ಕೂ ನಡೆಯುತ್ತಿತ್ತು, ರಾಗಿ ಕೊಯ್ಲಿಗೆ ಮಾತ್ರ ನಡೆಯುತ್ತಿರಲಿಲ್ಲ. ಸಂತೆಯಲ್ಲಿ ಸಿಗುವ ಕುಡುಗೋಲಿಗೆಲ್ಲ ಬಲಗೈಗೆಂದೇ ಒಂದು ಮಗ್ಗುಲಿಗೆ ಹಲ್ಲು ಕಡಿದಿರುತ್ತಾರೆ. ಎಡಗೈಯಲ್ಲಿ ಹಿಡಿದರೆ ಕಡ್ಡಿಯ ಮೇಲೆ ಜಾರುತ್ತದೆ. ಜೊತೆಗೆ ಅಜ್ಜಿಯ ಗೊಣಗಾಟ ಬೇರೆ.

"ಉಣ್ಣೋ ಅನ್ನ ಕಣೆ ಅದು. ಬಲಗೈಲಿ ಇಡ್ಕ."

ಅವ್ವ ಅಜ್ಜಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಒಂದೇ ಸಲ, ಅದೂ ನನಗಾಗಿ. ಕುಲುಮೆಗೆ ಹೋಗಿ, ಆಚಾರಿಯ ಎದುರೇ ಕೂತು, ಇನ್ನೊಂದು ಮಗ್ಗುಲಿಗೆ ಹಲ್ಲು ಹಾಕಿಸಿಕೊಂಡು ಬಂದಳು. "ನನ್ ಮಗಳ ಕುಡ್ಲು ಇದು. ಯಾರೂ ಮುಟ್ಟಂಗಿಲ್ಲ" ಎಂದು ಸೂರಿನಡಿ ಸಿಕ್ಕಿಸಿದಳು.

ಮದುವೆಯಾಗಿ ಚನ್ನರಾಯಪಟ್ಟಣ ಸೇರಿದ ಮೇಲೂ ನಾನು ಕೊಯ್ಲು ತಪ್ಪಿಸಿದವಳಲ್ಲ. ಈಗ ಹೊಲವನ್ನೆಲ್ಲ ಮಿಷಿನ್ನೇ ಕೊಯ್ಯುತ್ತದೆ. ತೆಂಗಿನ ಸಾಲುಗಳ ನಡುವಿನ ರಾಗಿಗೆ ಮಾತ್ರ ಅದು ನುಗ್ಗುವುದಿಲ್ಲ. ಆ ಒಂದು ದಿನದ ಕೆಲಸಕ್ಕೆ ರಜೆ ಹಾಕಿ ಬಸ್ಸು ಹತ್ತುತ್ತಿದ್ದೆ. ತವರಿನಲ್ಲಿ ನನ್ನದು ಅಂತ ಉಳಿದಿದ್ದು ಆ ಕುಡುಗೋಲೊಂದೇ.

ಹೋದ ವರ್ಷ ಹೋದಾಗ ಸೂರಿನಡಿ ಅದು ಇರಲಿಲ್ಲ. ತೋಟಕ್ಕೆ ಹೋದರೆ ತಮ್ಮನ ಹೊಸ ಹೆಂಡತಿಯ ಬಲಗೈಯಲ್ಲಿ ಸರಸರ ಓಡುತ್ತಿತ್ತು. ಇಸಿದುಕೊಂಡು ನೋಡಿದೆ. ಹಿಡಿ ನನ್ನದೇ. ಅಲಗಿನ ಹಳೆಯ ಹಲ್ಲನ್ನು ಸವೆಸಿ, ಆಚೆ ಮಗ್ಗುಲಿಗೆ ಹೊಸದಾಗಿ ಕಡಿದಿದ್ದರು.

"ಯಾರು ಹಾಕ್ಸಿದ್ದು ಇದನ್ನ?" ಅಂದೆ. ತಮ್ಮನ ಹೆಸರು ಬರಲಿ ದೇವರೇ ಎಂದು ಒಳಗೊಳಗೇ ಬೇಡಿಕೊಂಡೆ.

"ನಾನೇ ಕಣವ್ವ" ಅಂದಳು ಅವ್ವ, ಕಂತೆ ಕಟ್ಟುತ್ತಲೇ. "ಸುಮ್ನೆ ಬಿದ್ದಿತ್ತು. ಇವ್ಳು ದಿನಾ ಮನೇಲಿರೋಳು. ನೀನು ವರ್ಸಕ್ಕೊಂದ್ಸಲ ಬರೋಳು."

ಬಲಗೈ ಕುಡುಗೋಲಿಗೇನು ಬರವೇ? ಸಂತೆಯಲ್ಲಿ ರಾಶಿ ಬಿದ್ದಿರುತ್ತವೆ. ಬೇರೆ ಯಾರೇ ಮಾಡಿದ್ದರೂ ಜಗಳವಾಡಿ ಮರೆತುಬಿಡುತ್ತಿದ್ದೆ. ಅವ್ವನ ಜೊತೆ ಏನಂತ ಆಡುವುದು? ಕುಡುಗೋಲು ವಾಪಸು ಕೊಟ್ಟು, ಮಧ್ಯಾಹ್ನದವರೆಗೂ ಕಂತೆ ಕಟ್ಟಿದೆ.

ತಮ್ಮನ ಹೆಂಡತಿಗೆ ಪಾಪ, ಏನೂ ಗೊತ್ತಿರಲಿಲ್ಲ. "ಅಕ್ಕ, ನೀವೂ ಒಂದ್ ಸಾಲು ಕುಯ್ಯಿ" ಎಂದು ಕೈಗೆ ಕೊಟ್ಟಳು. ಎಡಗೈಯಲ್ಲಿ ಹಿಡಿದು ಎಳೆದೆ. ಜಾರಿತು. ಇನ್ನೊಮ್ಮೆ ಜೋರಾಗಿ ಎಳೆದೆ. ಪೈರು ತುಂಡಾಗದೆ ಬುಡ ಮಣ್ಣಿನ ಸಮೇತ ಕಿತ್ತು ಬಂತು.

ಅವ್ವ ನೋಡುತ್ತಲೇ ಇದ್ದಳು.

"ಬಲಗೈಲಿ ಇಡ್ಕ" ಅಂದಳು.