ಇನ್ನೊಂದು ಚಾವಿ

ಹದಿನೆಂಟು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಬದುಕಿದವಳು ನಾನು. ರೋಣದಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇದೆ. ಕಲಿಯಲು ಬಂದವರು ಬಲಗಡೆ ಸ್ಟೀರಿಂಗ್ ಹಿಡಿದು ಕೂರುತ್ತಾರೆ. ನಾನು ಎಡಗಡೆ ಕೂತು, ಅಲ್ಲಿ ಜೋಡಿಸಿಕೊಂಡಿರುವ ಇನ್ನೊಂದು ಬ್ರೇಕಿನ ಮೇಲೆ ಕಾಲಿಟ್ಟುಕೊಂಡಿರುತ್ತೇನೆ. "ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ ಮೇಡಂ?" ಎಂದು ಕೇಳಿದವರಿಗೆ ಇಲ್ಲವೆಂದೇ ಹೇಳುತ್ತೇನೆ. ಮನೆಯಲ್ಲೂ ಹಾಗೆಯೇ. ತರಕಾರಿಯವಳು ತಕ್ಕಡಿ ಎತ್ತಿದರೆ ನನ್ನ ಕಣ್ಣು ಮುಳ್ಳು ಬಿಟ್ಟು ಅಲ್ಲಾಡುವುದಿಲ್ಲ. ನಮ್ಮ ಯಜಮಾನರು ಇದಕ್ಕೆ ತದ್ವಿರುದ್ಧ. ಯಾರು ಏನೇ ಹೇಳಲಿ, "ಹೌದ್ರಿ, ಖರೇ ಐತ್ರಿ" ಎನ್ನುವ ಮನುಷ್ಯ.

ಗಜೇಂದ್ರಗಡದ ಸೀರೆ ವ್ಯಾಪಾರದ ಮನೆಯೊಂದರಲ್ಲಿ ಅಮೆರಿಕದ ಹಳೇ ಕಾರು ಮಾರಾಟಕ್ಕಿದೆ ಎಂಬ ಸುದ್ದಿ ತಂದವರು ಅವರೇ. ಎರಡೇ ಬಾಗಿಲು, ಎಂಟು ಸಿಲಿಂಡರು, ಮಂಚದಷ್ಟು ಅಗಲದ ಬಾನೆಟ್ಟು. ಮೊಬೈಲಿನಲ್ಲಿ ಫೋಟೋ ನೋಡಿದ ದಿನವೇ ನನ್ನ ತಲೆ ಕೆಟ್ಟಿತು. ಅದರ ಸ್ಟೀರಿಂಗ್ ಎಡಗಡೆ ಇತ್ತು. ಇಷ್ಟು ವರ್ಷ ನಾನು ಬರೀ ಬ್ರೇಕ್ ಇಟ್ಟುಕೊಂಡು ಕೂತಿದ್ದ ಬದಿಯಲ್ಲೇ ಸ್ಟೀರಿಂಗ್! ಹೊಟ್ಟೆಪಾಡಿಗಲ್ಲದೆ, ನನಗೆಂದೇ ಒಂದು ಗಾಡಿ ಬೇಕೆಂದು ಆಸೆಪಟ್ಟದ್ದು ಅದೇ ಮೊದಲು. ಆದರೆ ಉಳಿತಾಯದ ದುಡ್ಡು ಸಾಲುತ್ತಿರಲಿಲ್ಲ. ಸ್ಕೂಲಿನ ಎರಡು ಕಾರುಗಳಲ್ಲಿ ಒಂದನ್ನು, ನಾನು ಮೊಟ್ಟಮೊದಲು ಕೊಂಡದ್ದನ್ನು, ಮಾರಬೇಕಿತ್ತು. ನರಗುಂದದ ಮೇಷ್ಟ್ರೊಬ್ಬರು ಅದನ್ನು ಕೇಳಿಯೂ ಇದ್ದರು. ಈ ವ್ಯಾಪಾರದಲ್ಲಿ ಮೋಸ ಹೋದರೆ ನನ್ನ ಅರ್ಧ ಸ್ಕೂಲೇ ಹೋದಂತೆ.

ನನಗೆ ಮೊದಲ ಅನುಮಾನ ಹುಟ್ಟಿಸಿದ್ದೇ ಅದರ ಬೆಲೆ. ಹಳೇ ಕಾರುಗಳ ಹುಚ್ಚಿರುವ ಹುಬ್ಬಳ್ಳಿಯ ಮಂದಿಯನ್ನು ಫೋನಿನಲ್ಲಿ ವಿಚಾರಿಸಿದ್ದೆ. ಬಣ್ಣ ಬಳಿಯದ, ಬಿಚ್ಚಿ ಜೋಡಿಸದ, ಹೇಗಿತ್ತೋ ಹಾಗೇ ಉಳಿದ ಗಾಡಿಗೇ ಈಗ ಹೆಚ್ಚು ಬೆಲೆಯಂತೆ. ಹೊಸ ಬಣ್ಣದ ಕೆಳಗೆ ಏನನ್ನು ಬೇಕಾದರೂ ಮುಚ್ಚಿಡಬಹುದು; ಹಳೇ ಬಣ್ಣ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಅವರು ಅಂದಾಜು ಮಾಡಿದ ಬೆಲೆಗಿಂತ ಗಜೇಂದ್ರಗಡದವರ ಬೆಲೆ ಎಷ್ಟೋ ಕಡಿಮೆ ಇತ್ತು. ಯಾರಾದರೂ ಸುಮ್ಮನೆ ಕಡಿಮೆಗೆ ಕೊಡುತ್ತಾರೆಯೇ? ಅಬ್ಬಿಗೇರಿ ದಾಟುವಾಗ ಯಜಮಾನರಿಗೆ ಇದನ್ನೇ ಕೇಳಿದೆ.

"ಅವರಿಗೆ ಜಾಗಾ ಸಾಲವಲ್ದಾಗೇತಿ, ಕೊಡಾಕತ್ತಾರ," ಎಂದರು.

"ಅಲ್ಲಿ ಬಂದು ನೀವು ಬಾಯಿ ತೆಗೀಬ್ಯಾಡ್ರಿ," ಎಂದೆ.

ಮಾರುವವರು ಅರವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ತಾನೇ ನಡೆಸುತ್ತಿದ್ದಳು. ಗಿರಾಕಿಗೆ ಸೀರೆಯ ಸೆರಗು ಹರವಿ ತೋರಿಸುತ್ತಲೇ ನಮ್ಮನ್ನು ಅಳೆದು ನೋಡಿದಳು. ಅವಳ ಗಂಡ ಬಹಳ ಹಿಂದೆ ಮುಂಬೈಯಿಂದ ಆ ಕಾರನ್ನು ತಾನೇ ಓಡಿಸಿಕೊಂಡು ತಂದಿದ್ದನಂತೆ. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ನೂಲಿನ ಗಂಟುಗಳ ನಡುವೆ ಅದು ನಿಂತಿತ್ತು. ಕಡುನೀಲಿ ಬಣ್ಣ ಬಿಸಿಲಿಗೆ ಬಿಳಿಚಿತ್ತು. ಫೋಟೋದಲ್ಲಿ ಕಂಡದ್ದಕ್ಕಿಂತಲೂ ಚೆಂದವಿತ್ತು. ನಾನದನ್ನು ಮುಖದಲ್ಲಿ ತೋರಗೊಡಲಿಲ್ಲ.

ಅರಿವೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಚೀಲದಿಂದ ತೆಗೆದೆ. ಪುಟ್ಟಿ ಮೆತ್ತಿ ತಗ್ಗು ಮುಚ್ಚಿದ ಕಡೆ ಅದು ಅಂಟುವುದಿಲ್ಲ. ಇಡೀ ಕಾರಿನ ಮೈಮೇಲೆ ಆಡಿಸಿದೆ; ಎಲ್ಲ ಕಡೆಯೂ ಅಂಟಿತು. ಬಾಗಿಲ ಅಂಚಿನಲ್ಲಿ ಎರಡನೇ ಬಣ್ಣದ ಗುರುತು ಹುಡುಕಿದೆ, ಸಿಗಲಿಲ್ಲ. ಎಂಜಿನ್ನಿನ ನಂಬರು, ಚಾಸಿಯ ನಂಬರು ಎರಡೂ ಆರ್‌ಸಿಗೆ ಸರಿಯಾಗಿದ್ದವು. ಹೊಳೆಆಲೂರಿನ ಕಡೆ ಮಲಪ್ರಭೆಯ ನೀರು ಹೊಕ್ಕ ಗಾಡಿಗಳನ್ನು ನೋಡಿ ಗೊತ್ತಿತ್ತು. ಎಷ್ಟು ತೊಳೆದರೂ ಸೀಟಿನ ಸ್ಪ್ರಿಂಗುಗಳಲ್ಲಿ ಕರಿ ಕೆಸರು ಕೂತಿರುತ್ತದೆ. ಸೀಟು ಎತ್ತಿಸಿ ಕೈ ಹಾಕಿದೆ. ಬರೀ ಒಣ ಧೂಳು, ಜೊತೆಗೊಂದು ಹಳೇ ಬಸ್ ಟಿಕೀಟು. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ತೂರಿದೆ. ಹಿಂದಿನ ಚಕ್ರದ ಬಳಿ ತುಕ್ಕು ತಿಂದ ತೂತೊಂದು ಸಿಕ್ಕಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

"ಇಲ್ಲಿ ತೂತು ಬಿದ್ದೈತ್ರಿ!" ಎಂದು ಕೆಳಗಿನಿಂದಲೇ ಕೂಗಿದೆ.

"ಗೊತ್ತೈತಿ. ಮುಂದಿನ ಎಡಕಿನ ಗಾಲಿ ಹಂತ್ಯಾಕೂ ಒಂದೈತಿ, ನೋಡು," ಎಂದಳು ಆಕೆ.

ಅದೂ ಇತ್ತು. ಮಾರುವವಳೇ ತೂತು ತೋರಿಸಿದ್ದು ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಎಂಜಿನ್ ಚಾಲೂ ಮಾಡಿ ತೋರಿಸಲು ಕೇಳಿದೆ. ಆಕೆ ಸೊಂಟದ ಗೊಂಚಲಿನಿಂದ ಸವೆದ ಚಾವಿಯೊಂದನ್ನು ಬಿಡಿಸಿ, ತಾನೇ ಒಳಗೆ ಕೂತು ತಿರುವಿದಳು. ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಎಂಜಿನ್ ಹತ್ತಿಕೊಂಡಿತು. ಶೆಡ್ಡಿನ ತಗಡುಗಳೆಲ್ಲ ಗಡಗಡ ಅಂದವು. ಯಜಮಾನರು ಚಪ್ಪಾಳೆ ತಟ್ಟಲು ಹೋದವರು ನನ್ನ ಮುಖ ನೋಡಿ ಕೈ ಕೆಳಗಿಳಿಸಿದರು.

"ಬೆಲಿ ಯಾಕ ಕಡಿಮಿ ಹೇಳೀರಿ?" ಎಂದು ನೇರವಾಗಿಯೇ ಕೇಳಿಬಿಟ್ಟೆ.

"ಹೆಚ್ಚ ಕೊಡತೀಯೇನು?" ಎಂದು ನಕ್ಕಳು.

ಅವಳು ಹೇಳಿದ ಬೆಲೆಗೇ ಒಪ್ಪಿದೆ. ಮುಂಗಡ ಕೊಟ್ಟೆ. ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು. ಆಕೆ ಚಾವಿ ತರಲೆಂದು ಒಳಗೆ ಹೋದಳು. ವಾಪಸ್ಸು ಬಂದು ನನ್ನ ಕೈಗಿಟ್ಟದ್ದು ಆ ಸವೆದ ಚಾವಿಯಲ್ಲ, ಈಗಷ್ಟೇ ಕೊರೆಸಿದಂತೆ ಫಳಫಳ ಹೊಳೆಯುವ ಹೊಸದು.

"ಹಳೇ ಚಾವಿ ಎಲ್ಲೈತ್ರಿ?"

"ಐತಿ. ಕೊಡಂಗಿಲ್ಲ."

ಸಿಕ್ಕಿಬಿದ್ದಳು ಅಂದುಕೊಂಡೆ. ಗಾಡಿ ಮಾರಿ ಚಾವಿ ಇಟ್ಟುಕೊಳ್ಳುವವರು ಯಾರು? ಬೇರೆ ಯಾರಿಗೋ ಮಾತು ಕೊಟ್ಟಿರಬೇಕು, ಇಲ್ಲವೇ ಗಾಡಿಯ ಮೇಲೆ ಇನ್ನೊಬ್ಬರ ಹಕ್ಕಿರಬೇಕು, ಇಲ್ಲವೇ ರಾತ್ರೋರಾತ್ರಿ ಬಂದು ಒಯ್ಯುವ ಹಂಚಿಕೆ. ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ಬಾಗಿಲಿನ ಆ ಚೆಂದದ ಕಾರು ಕೈಗೆ ಬಂದು ತಪ್ಪಿತಲ್ಲ ಎಂಬ ಹೊಟ್ಟೆಯುರಿಯೂ ಅದರಲ್ಲಿ ಸೇರಿತ್ತು.

"ಹಂಗಾರ ಗಾಡೀನೂ ನೀವಽ ಇಟ್ಕೊರ್ರಿ. ನನ್ನ ರೊಕ್ಕಾ ಕೊಡ್ರಿ," ಎಂದೆ.

ಆಕೆ ಸಿಟ್ಟಾಗಲಿಲ್ಲ. "ಬಾ ಇಲ್ಲೆ," ಎಂದು ಶೆಡ್ಡಿನ ಪಕ್ಕದ ಹಳೇ ಕೊಟ್ಟಿಗೆಗೆ ಕರೆದೊಯ್ದಳು. ಅಲ್ಲಿ ಈಗ ದನಗಳಿಲ್ಲ. ಗೋಡೆಯ ಗೂಟಗಳಲ್ಲಿ ಮಾತ್ರ ಹಗ್ಗಗಳು ನೇತಾಡುತ್ತಿದ್ದವು, ಕೊರಳುಜ್ಜಿ ಜಿಡ್ಡುಗಟ್ಟಿದ ಹಳೇ ಹಗ್ಗಗಳು. ಕೊನೆಯ ಗೂಟದಲ್ಲಿ ಆ ಸವೆದ ಚಾವಿ ತೂಗುತ್ತಿತ್ತು. ಅದಕ್ಕೆ ಆಗಲೇ ಅರಿಶಿನ ಕುಂಕುಮ ಬಿದ್ದಿತ್ತು.

"ಎತ್ತ ಮಾರಿದಾಗ ಹಗ್ಗಾ ಕೊಟ್ಟಿಲ್ಲ, ಎಮ್ಮಿ ಮಾರಿದಾಗೂ ಕೊಟ್ಟಿಲ್ಲ. ನಮ್ಮನಿಯವರು ಹೋದ ಮ್ಯಾಲೆ ಈ ಗಾಡಿ ಒಂದಽ ಉಳಿದಿತ್ತು. ಇದರ ಹಗ್ಗಾ ಹ್ಯಾಂಗ ಕೊಡಲಿ? ಗಾಡಿ ಜೋಡಿ ಬಂದ ಹಳೇ ಚಾವಿ ಇಲ್ಲಂದ್ರ ಬೆಲಿ ಬರಂಗಿಲ್ಲ ಅಂದ್ರು. ಅದಕ್ಕಽ ಇಳಿಸಿ ಹೇಳೀನಿ," ಎಂದಳು.

ಯಾವಗಲ್ಲಿನ ನನ್ನ ತವರಿನ ಕೊಟ್ಟಿಗೆಯಲ್ಲೂ ಇಂಥ ಗೂಟಗಳಿದ್ದವು. ಅಪ್ಪ ಎತ್ತು ಮಾರಿದ ದಿನ ಅವ್ವ ಹಗ್ಗ ಬಿಚ್ಚಿಕೊಂಡು, ಕೊಂಡವನು ತಂದಿದ್ದ ಹೊಸ ಹಗ್ಗ ಹಾಕಲು ಬಿಡುತ್ತಿದ್ದಳು. ಮನೆಯ ಲಕ್ಷ್ಮಿ ಹಗ್ಗದ ಜೊತೆ ಹೊರಟುಹೋಗಬಾರದಂತೆ. ದನ ಕಣ್ಮರೆಯಾದ ಮೇಲೆ ಆ ಹಗ್ಗವನ್ನು ಮೂಗಿಗೆ ಹಿಡಿದು ಅಳುತ್ತಿದ್ದಳು. ಇದೆಲ್ಲ ಗೊತ್ತಿದ್ದ ನನಗೆ ಹೊಳೆದದ್ದು ಮಾತ್ರ ಕಳ್ಳತನ. ನಾಚಿಕೆಯಾಯಿತು.

ಆದರೂ ಹುಟ್ಟುಗುಣ ಸುಮ್ಮನಿರಬೇಕಲ್ಲ. "ಒಂದ ಸಲ ಕೊಡ್ರಿ," ಎಂದು ಆ ಚಾವಿ ಇಸಿದುಕೊಂಡು ಹೋಗಿ ಹೊಸದರ ಪಕ್ಕ ಹಲ್ಲಿಗೆ ಹಲ್ಲು ಹಿಡಿದು ನೋಡಿದೆ. ಎರಡರಿಂದಲೂ ಎಂಜಿನ್ ಹತ್ತಿಸಿದೆ. ಆಮೇಲೆ ಹಳೆಯದನ್ನು ಅವಳ ಅಂಗೈಗಿಟ್ಟೆ. ಆಕೆ ಮುಷ್ಟಿ ಬಿಗಿಹಿಡಿದು ಸ್ವಲ್ಪ ಹೊತ್ತು ಅತ್ತಳು. ನಮ್ಮ ಯಜಮಾನರೂ ಅತ್ತರು.

ಬಾಕಿ ಹಣ ಹೊಂದಿಸಬೇಕಿತ್ತಲ್ಲ, ಅದೇ ವಾರ ನರಗುಂದದ ಮೇಷ್ಟ್ರು ನನ್ನ ಸ್ಕೂಲಿನ ಕಾರು ಕೊಳ್ಳಲು ರೋಣಕ್ಕೆ ಬಂದರು. ಟೈರು ಒದ್ದು ನೋಡಿದರು, ಬಾನೆಟ್ಟು, ಡಿಕ್ಕಿ ಎರಡೂ ತೆಗೆಸಿದರು, ಕಾಗದ ಎರಡೆರಡು ಸಲ ಓದಿ ದುಡ್ಡು ಕೊಟ್ಟರು. ಚಾವಿ ಕೊಟ್ಟೆ. ಅವರು ಅದನ್ನು ತಿರುಗಿಸಿ ನೋಡಿ, "ಇನ್ನೊಂದ ಚಾವಿ ಇರಬೇಕಲ್ರಿ?" ಎಂದರು.

ಇತ್ತು. ನನ್ನ ಎಡಗೈ ಮುಷ್ಟಿಯಲ್ಲೇ ಇತ್ತು. ಕೊಡಲೆಂದೇ ಬೆಳಿಗ್ಗೆ ಪೆಟ್ಟಿಗೆಯಿಂದ ತೆಗೆದಿಟ್ಟುಕೊಂಡಿದ್ದೆ. ಕೈ ಮುಂದೆ ಬರಲಿಲ್ಲ.

"ಐತ್ರಿ. ಕೊಡಂಗಿಲ್ಲ," ಎಂದೆ. "ಎಷ್ಟ ಇಳಿಸಬೇಕು ಹೇಳ್ರಿ."

ಮೇಷ್ಟ್ರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಕಾರಿನ ಮುಂದೆ ಹೋಗಿ ನಿಂತು, ಬಾನೆಟ್ ಇನ್ನೊಮ್ಮೆ ತೆಗೆಯಿರಿ ಎಂದರು.