ಬಾಣಂತನ ಮುಗಿಯಲಿ ಎಂದದ್ದು

ಕೊರೊನಾ ಮುಗಿದು ಜನ ಮತ್ತೆ ಆಸ್ಪತ್ರೆಗೆ ಬರತೊಡಗಿದ ವರ್ಷ. ನಾನು ದೆಹಲಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಆಯಾ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಓದಿದ್ದು ಎರಡನೇ ಕ್ಲಾಸು. ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದ ಗಂಡನ ಹಿಂದೆ ಕರ್ನಾಟಕದಿಂದ ಬಂದವಳು. ಕೆಲಸ ಕಲಿತದ್ದು ನೋಡಿ ನೋಡಿಯೇ.

ನನ್ನನ್ನು ಹಾಕಿದ್ದು ಹಸುಗೂಸುಗಳ ವಿಭಾಗಕ್ಕೆ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾ, ಪೂರ್ತಿ ಬೆಳೆದಿರುವುದಿಲ್ಲ. ಕೆಲವು ಮಕ್ಕಳಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಆ ಪರದೆಯನ್ನೇ ಎಳೆದು ಕೀಳುತ್ತವೆ. ಡಾಕ್ಟರು ಇದನ್ನು ಆರ್‌ಒಪಿ ಎನ್ನುತ್ತಿದ್ದರು. ಈಗ ಕ್ಯಾಮೆರಾ ಬಂದಿದೆ. ಕಣ್ಣಿಗೆ ತಾಗಿಸಿದರೆ ಒಳಗಿನ ಚಿತ್ರ ಕಂಪ್ಯೂಟರಿನಲ್ಲಿ ಕಾಣುತ್ತದೆ. ಬೇಗ ಗೊತ್ತಾದರೆ ಲೇಸರ್, ಇಲ್ಲವೇ ಕಣ್ಣಿಗೆ ಇಂಜೆಕ್ಷನ್. ಹೆಚ್ಚಿನ ಮಕ್ಕಳ ಕಣ್ಣು ಉಳಿಯುತ್ತದೆ. ಆದರೆ ಮೊದಲ ಪರೀಕ್ಷೆ ಹುಟ್ಟಿದ ಮೂವತ್ತು ದಿನದೊಳಗೆ ಆಗಲೇಬೇಕು. ಇದನ್ನು ನಾನು ನೂರು ಸಲ ಕೇಳಿದ್ದೆ. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಜನವರಿಯಲ್ಲಿ ಒಂದು ಹೆಣ್ಣುಮಗು ಪರೀಕ್ಷೆಗೆ ಕೊಟ್ಟ ದಿನಕ್ಕೆ ಬರಲಿಲ್ಲ. ಏಳು ತಿಂಗಳಿಗೇ ಹುಟ್ಟಿದ ಮಗು. ಅಪ್ಪ ಅಮ್ಮ ಇಬ್ಬರೂ ನೋಯ್ಡಾದ ಕಂಪನಿಯವರು, ಮನೆ ಗ್ರೇಟರ್ ನೋಯ್ಡಾದ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ. ನಮ್ಮ ಸಿಸ್ಟರ್ ಫೋನು ಮಾಡಿದರೆ ಯಾರೋ ಕನ್ನಡದಲ್ಲಿ ಏನೋ ಅಂದು ಇಟ್ಟುಬಿಡುತ್ತಿದ್ದರು. ಸಿಸ್ಟರ್ ಫೋನನ್ನು ನನ್ನ ಕೈಗೆ ಕೊಟ್ಟು, “ಲೋ ಮಾಂಜಿ, ಅಪ್ನೀ ಭಾಷಾ ಮೇ ಡಾಂಟೋ,” ಎಂದು ನಕ್ಕಳು. ನಿಮ್ಮ ಭಾಷೆಯಲ್ಲೇ ಗದರಿಸಿ ಎಂದು.

ಎತ್ತಿದ್ದು ಮಗುವಿನ ಅಜ್ಜಿ. ಬಾಣಂತನಕ್ಕೆಂದು ಹಾಸನದಿಂದ ಬಂದವರು.

“ಮಗಳ ಫೋನು ನನ್ನ ಹತ್ರಾನೇ ಇದೆ ಕಣ್ರೀ. ಬಾಣಂತಿ ಫೋನು ನೋಡಿದ್ರೆ ಕಣ್ಣು ಹಾಳಾಗುತ್ತೆ. ಅಯ್ಯೋ, ನೀವು ನಮ್ಮ ಕಡೆಯವರಾ! ಈ ಚಳೀಲಿ ಹಸೀ ಬಾಣಂತೀನ ಹೊರಗೆ ಕರೀತೀರಲ್ರೀ, ನೀವೂ ಹೆತ್ತವರಲ್ವಾ? ನಲವತ್ತು ದಿನ ಆಗ್ಲಿ, ಬರ್ತೀವಿ.”

ಆ ಗಾಳಿ, ಚಳಿಯ ಭಯ ನನಗೂ ಇತ್ತು. ನನ್ನ ಇಬ್ಬರು ಸೊಸೆಯರನ್ನು ನಾನು ಹೊಸ್ತಿಲು ದಾಟಿಸಿರಲಿಲ್ಲ. ಜೊತೆಗೆ ಎಷ್ಟೋ ದಿನದ ಮೇಲೆ ಕಿವಿಗೆ ಬಿದ್ದ ಕನ್ನಡ. “ಆಗ್ಲಿ ಬಿಡಿ, ಹತ್ತು ಹನ್ನೆರಡು ದಿನ ತಾನೇ, ಪರವಾಗಿಲ್ಲ,” ಎಂದುಬಿಟ್ಟೆ. ಆಮೇಲೆ ಬಾಣಂತಿ ಖಾರಕ್ಕೆ ಮೆಣಸು ಎಷ್ಟು, ದೆಹಲಿಯಲ್ಲಿ ಒಳ್ಳೆಯ ಬೆಲ್ಲ ಎಲ್ಲಿ ಸಿಗುತ್ತದೆ ಎಂದೆಲ್ಲ ಮಾತಾಡಿದೆವು.

“ಕ್ಯಾ ಬೋಲಾ, ಮಾಂಜಿ?” ಏನಂದರು ಎಂದು ಸಿಸ್ಟರ್ ಕೇಳಿದಳು.

“ಬರ್ತಾರಂತೆ,” ಎಂದು ಹಿಂದಿಯಲ್ಲಿ ಹೇಳಿದೆ. ಯಾವಾಗ ಎಂದು ಹೇಳಲಿಲ್ಲ.

ನಲವತ್ತೈದನೆಯ ದಿನ ಮಗುವನ್ನು ಕರೆತಂದರು. ಮಗುವಿನ ತಲೆ ಹಿಡಿದುಕೊಂಡವಳು ನಾನೇ. ಬಲಗಣ್ಣಿನ ಚಿತ್ರವನ್ನು ಡಾಕ್ಟರು ದೊಡ್ಡದು ಮಾಡಿ ನೋಡಿದರು. ಪರದೆ ಪೂರ್ತಿ ಕಿತ್ತುಬಂದಿತ್ತು. ಎಡಗಣ್ಣಿಗೆ ಅಂದೇ ಲೇಸರ್ ಮಾಡಿದರು. “ಎರಡು ವಾರ ಮೊದಲು ಬಂದಿದ್ದರೆ ಎರಡೂ ಉಳಿಯುತ್ತಿದ್ದವೇನೋ,” ಎಂದು ತಾಯಿಗೆ ಇಂಗ್ಲಿಷಿನಲ್ಲಿ ಹೇಳಿದರಂತೆ.

ಅಜ್ಜಿ ನನ್ನ ದನಿಯಿಂದಲೇ ನನ್ನನ್ನು ಗುರುತು ಹಿಡಿದರು. “ಫೋನಲ್ಲಿ ಪರವಾಗಿಲ್ಲ ಅಂದೋರು ನೀವೇ ಅಲ್ವೇನ್ರೀ?”

“ನಾನೇ,” ಎಂದೆ. ಡಾಕ್ಟರ ಮುಂದೆಯೂ ಅದನ್ನೇ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ.

ಮಗುವಿಗೆ ಎಡಗಣ್ಣು ಒಂದಿಷ್ಟು ಕಾಣುತ್ತದೆ. ದಪ್ಪ ಕನ್ನಡಕ. ತಪಾಸಣೆಗೆ ಬಂದಾಗಲೆಲ್ಲ ತಾಯಿ ನನ್ನ ಕಡೆ ನೋಡುತ್ತಿರಲಿಲ್ಲ. ನೋಡಬೇಕೆಂದು ನಾನೂ ಬಯಸಲಿಲ್ಲ.

ಆಸ್ಪತ್ರೆಯ ಫೋನಿನಲ್ಲಿ ಮಾತಾಡುವಾಗ ನಾನು ಊರಿನವಳಲ್ಲ, ನೆರೆಮನೆಯವಳೂ ಅಲ್ಲ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು, ಕಲಿತದ್ದು ತಡವಾಗಿ. ಆಮೇಲೆ ದೆಹಲಿಯ ರೋಹಿಣಿ ಬಡಾವಣೆಯಿಂದ ಇನ್ನೊಬ್ಬ ಕನ್ನಡದ ಅಜ್ಜಿ ಫೋನಿನಲ್ಲಿ ಇದೇ ರಾಗ ತೆಗೆದರು. “ಬಾಣಂತಿ ಮಲಗಿರ್ಲಿ. ಮಗೂನ ಕಂಬಳಿ ಸುತ್ತಿ ಅಪ್ಪ ಎತ್ಕೊಂಡು ಬರ್ಲಿ. ನಾಳೇನೇ,” ಎಂದು ಫೋನು ಇಟ್ಟೆ. ಬಂದರು. ಇಂಜೆಕ್ಷನ್ ಆಯಿತು, ಕಣ್ಣು ಉಳಿಯಿತು.

ಆ ಮಾತು ಹೇಳುವುದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಹಾಸನದ ಅಜ್ಜಿಯ ಜೊತೆ ನಾನು ಇಪ್ಪತ್ತು ನಿಮಿಷ ಮಾತಾಡಿದ್ದೆ.