ಅತ್ತೆ ಆರಿಸಿದ ಲಡಾಖ್ ಪುಸ್ತಕ

ಹಾಸನದ ನಮ್ಮ ಮನೆಯಲ್ಲಿ ಆ ಭಾನುವಾರ ಇದ್ದವರು ಮೂವರು: ನಾನು, ನನ್ನ ಹೆಂಡತಿ ಸುಮಾ, ದಂಡಿಗನಹಳ್ಳಿಯಿಂದ ಬಂದಿದ್ದ ನನ್ನ ಸೋದರತ್ತೆ ನಿಂಗಮ್ಮ. ನಡುವೆ ಚಾಪೆಯ ಮೇಲೆ ಲಡಾಖಿನ ಎರಡು ಪ್ರವಾಸ ಪುಸ್ತಕಗಳು. ಒಂದು ಇಟ್ಟಿಗೆಯಷ್ಟು ದಪ್ಪ, ಹೊಳೆಯುವ ಹಾಳೆ. ಇನ್ನೊಂದು ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕ, ಬೆನ್ನು ಬಿಚ್ಚಿಕೊಂಡ ಸಣಕಲು. ಯಾವುದನ್ನು ನಂಬಿ ಹೊರಡುವುದು?

ಹೊರಡುವ ಹುಚ್ಚು ಅತ್ತೆಯದು. ಊರಿನ ಸೊಸೈಟಿಯ ಕ್ಯಾಲೆಂಡರಿನಲ್ಲಿ, ಬೋಳುಗುಡ್ಡದ ನೆತ್ತಿಗೆ ಅಂಟಿಕೊಂಡ ಲಾಮಾಗಳ ಮಠವೊಂದನ್ನು ಕಂಡಿದ್ದಳು. "ಅಲ್ಲಾ ಕಣ್ಲಾ, ಅಷ್ಟೆತ್ತರಕ್ಕೆ ನೀರು ಎಂಗ್ ಸಾಗಿಸ್ತಾರ್ಲಾ?" ಎಂದು ವರ್ಷದಿಂದ ಕೇಳುತ್ತಿದ್ದಳು. ಬೇಸಾಯದವರ ಕಣ್ಣೇ ಹಾಗೆ. ತೊಡಕೆಂದರೆ ಅವಳ ಮಂಡಿ. ಮೂಳೆ ಡಾಕ್ಟರು ಒತ್ತಿ ನೋಡಿ, "ಬೇಕಾದ್ರೆ ಇನ್ನೊಂದು ಬೆಟ್ಟ ಹತ್ತಿ ಅಜ್ಜಿ, ಅದೇ ಕೊನೇದು" ಎಂದಿದ್ದರು. ಉಳಿದಿದ್ದ ಆ ಒಂದು ಬೆಟ್ಟ ಯಾವುದಾಗಬೇಕು ಎಂಬುದನ್ನು ಪುಸ್ತಕ ಹೇಳಬೇಕಿತ್ತು.

ನನ್ನ ಓಟು ದಪ್ಪ ಪುಸ್ತಕಕ್ಕೆ. ಅಡಿಟಿಪ್ಪಣಿ ಕಂಡರೆ ಕಾಲೇಜು ಮೇಷ್ಟರಿಗೆ ಬಾಯಲ್ಲಿ ನೀರು. ಬೌದ್ಧ ಪಂಥಗಳು ಕವಲೊಡೆದ ಬಗೆಯನ್ನು ನಾನು ಗಂಟೆಗಟ್ಟಲೆ ವಿವರಿಸಿದ ಮೇಲೆ ಸುಮಾ, "ನಾವಿನ್ನೂ ಹಾಸನದ ಬಸ್ ಸ್ಟ್ಯಾಂಡೇ ದಾಟಿಲ್ಲವಲ್ರೀ" ಎಂದು ಕಾಫಿಗೆ ಎದ್ದಳು.

ಅಕ್ಷರ ಕಲಿಯದ ಅತ್ತೆ ಬೇರೆ ದಾರಿ ಹಿಡಿದಳು. "ಇವ್ರು ನಮ್ ಕಡೆ ಬಗ್ಗೆ ಏನಾರಾ ಬರ್ದವ್ರಾ? ಮದ್ಲು ಅದ ಓದು. ಗೊತ್ತಿರೋ ಊರ್ ಬಗ್ಗೇನೆ ಸುಳ್ಳೇಳೋನು ಗೊತ್ತಿಲ್ದಿರೋ ಊರ್ ಬಗ್ಗೆ ದಿಟ ಏಳಾನಾ?"

ಅದೇ ಇಬ್ಬರು ಲೇಖಕರು ದಕ್ಷಿಣ ಭಾರತದ ಮೇಲೆ ಬರೆದದ್ದು ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿತ್ತು. ಮಾರನೆಯ ದಿನ ಹೊತ್ತು ತಂದು, ಶ್ರವಣಬೆಳಗೊಳದ ಪುಟ ತೆಗೆದು, ಕನ್ನಡ ಮಾಡಿ ಓದಿದೆ. ದಪ್ಪ ಪುಸ್ತಕದವನು ಬೆಟ್ಟವನ್ನು 'ಹಿತವಾದ ಪುಟ್ಟ ನಡಿಗೆ' ಎಂದಿದ್ದ.

"ಅವ್ನು ಕೆಳಗೇ ನಿಂತು ಎಳನೀರು ಕುಡ್ಕೊಂಡು ಓಗವ್ನೆ ಕಣ್ಲಾ."

ಸಣಕಲು ಪುಸ್ತಕದವನ ಮಾತು ಹೀಗಿತ್ತು: 'ಚಪ್ಪಲಿ ಕೆಳಗೇ ಬಿಡಬೇಕು. ಹೊತ್ತೇರಿದರೆ ಬಂಡೆ ಸುಡುತ್ತದೆ. ಕಾಲುಚೀಲ ಮರೆತವರು ಮಾರನೆಯ ದಿನ ಬೆಳಿಗ್ಗೆ ಹತ್ತಿ. ನಾನು ಮರೆತಿದ್ದೆ, ಆದರೂ ಹತ್ತಿದೆ.'

"ಇವನ ಪಾದ ಬೆಂದದೆ. ಇವ್ನೇ ಸರಿ" ಎಂದು ಅತ್ತೆ ತೀರ್ಪು ಕೊಟ್ಟಳು.

ನನ್ನಜ್ಜ ದಾರಿ ಹೇಳುವಾಗ 'ಕೂಗಳತೆ ದೂರ' ಎನ್ನುತ್ತಿದ್ದ. ಅವನ ಕೂಗು ಎರಡು ಹೊಲ ದಾಟುತ್ತಿತ್ತು. ನನ್ನದು ತರಗತಿಯ ಕೊನೆಯ ಬೆಂಚನ್ನೂ ಮುಟ್ಟುವುದಿಲ್ಲ. ಆದರೂ ಅಜ್ಜನ ಅಳತೆ ತಪ್ಪುತ್ತಿರಲಿಲ್ಲ, ಏಕೆಂದರೆ ಕೂಗುವವನು ಯಾರೆಂದು ಕೇಳುವವರಿಗೆ ಗೊತ್ತಿರುತ್ತಿತ್ತು. ಸಣಕಲು ಪುಸ್ತಕದವನ ಕೂಗೂ ಅತ್ತೆಗೆ ಹಾಗೆಯೇ ಕೇಳಿಸಿರಬೇಕು.

ಅವನು ಮೆಚ್ಚಿದ ಮಠವನ್ನೇ ಆರಿಸಿದೆವು. 'ಮೆಟ್ಟಿಲು ಕಡಿದು. ಅರ್ಧದಲ್ಲಿ ಕೂರಲು ಕಲ್ಲಿದೆ' ಎಂದು ಬರೆದಿದ್ದ. ಆ ಬೇಸಿಗೆ ರಜೆ ಕಳೆದು ಜುಲೈನಲ್ಲಿ ಹೋದಾಗ ಮೆಟ್ಟಿಲೂ ಕಡಿದಾಗಿತ್ತು, ಕಲ್ಲೂ ಇತ್ತು. ಅತ್ತೆ ಅದರ ಮೇಲೆ ಕೂತು ಏದುಸಿರು ಬಿಡುತ್ತಿದ್ದಾಗ ಮೇಲಿನಿಂದ ನಡುವಯಸ್ಸಿನ ಲಾಮಾ ಒಬ್ಬರು ಇಳಿದು ಬಂದರು. ನಮ್ಮ ಮಾತು ಕಿವಿಗೆ ಬಿದ್ದಿತೇನೋ, ನಿಂತರು.

"ಕನ್ನಡದವರಾ? ನಾನು ಬೈಲಕುಪ್ಪೆಯಲ್ಲಿ ಹುಟ್ಟಿದ್ದು. ಯಾಕಮ್ಮಾ ಹತ್ತುತಾ ಇದ್ದೀರಿ? ಹಿಂದ್ಗಡೆ ಜೀಪ್ ರೋಡ್ ಆಗಿ ಎಷ್ಟೋ ವರ್ಷ ಆಯ್ತಲ್ಲ!"

ಪುಸ್ತಕ ಅಚ್ಚಾದ ಇಸವಿಯನ್ನು ನಾನು ನೋಡಿದ್ದು ಆಗಲೇ. ಅದು ನಮ್ಮ ಮದುವೆಗಿಂತ ಹಳೆಯದು. ಸುಮಾ ಪುಸ್ತಕವನ್ನು ನನ್ನ ಕೈಯಿಂದ ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿದಳು.

ಅತ್ತೆ ಮಾತ್ರ ಸೆರಗು ಬಿಗಿದು ಎದ್ದಳು. "ಇರ್ಲಿ ಬುಡು. ಡಾಕ್ಟ್ರು ಕೊಟ್ಟಿರೋ ಬೆಟ್ಟ ಇದು. ಅರ್ಧ ಮುಗ್ಸಿವ್ನಿ, ಇನ್ನರ್ಧ ಯಾಕೆ ಬುಡ್ಲಿ?"

ಲಾಮಾ ನಕ್ಕು, ಬಂದ ಕೆಲಸ ಬಿಟ್ಟು, ಅವಳ ರೆಟ್ಟೆ ಹಿಡಿದು ಮೇಲೆ ಹತ್ತಿಸಿದರು. ಮಂಜು ಕರಗಿದ ತೊರೆಯಿಂದ ಬರುವ ಸಣ್ಣ ಕಾಲುವೆ, ಹಿಂದೆ ಕತ್ತೆಗಳ ಮೇಲೆ ಡಬ್ಬ ಹೇರುತ್ತಿದ್ದ ಜಾಡು, ಎಲ್ಲ ತೋರಿಸಿದರು. ಅತ್ತೆ ವಿಗ್ರಹಕ್ಕಿಂತ ಹೆಚ್ಚು ಹೊತ್ತು ಕಾಲುವೆಯ ಮುಂದೆ ನಿಂತಳು. "ನಮ್ಮಂಗೇ ಒದ್ದಾಡ್ತಾರೆ ಕಣ್ಲಾ" ಎಂದಳು. ಬೈಲಕುಪ್ಪೆಯಲ್ಲಿ ತಮ್ಮ ತಾಯಿ ಈಗಲೂ ಮುಸುಕಿನ ಜೋಳ ಬೆಳೆಯುತ್ತಾರೆ ಎಂದರು ಲಾಮಾ.

ಊರಿಗೆ ಮರಳಿದ ಮುಂದಿನ ತಿಂಗಳು ಅತ್ತೆ ಒಂದು ಚೀಲ ರಾಗಿ ಹುರಿಹಿಟ್ಟು ಕಟ್ಟಿಕೊಂಡು, ಅರಕಲಗೂಡಿನ ಮೇಲೆ ಹೋಗುವ ಬಸ್ಸು ಹತ್ತಿ, ಆ ತಾಯಿಯನ್ನು ನೋಡಲು ಬೈಲಕುಪ್ಪೆಗೆ ಹೋದಳು. ಸಂಜೆಯೊಳಗೆ ಬಂದುಬಿಡುತ್ತೇನೆ ಎಂದಿದ್ದವಳು ಮೂರನೆಯ ದಿನ ಬಂದಳು.